ಮೇಲಿನೂರಿಗೆ ಹೋದ ಬಸ್ಸು

ನಾನು ಎರಡು ಸುಳ್ಳು ಹೇಳಿದ್ದೇನೆ. ಒಂದನ್ನು ಟಿವಿಯಲ್ಲಿ ಕೂತು ಹೇಳಿದೆ, ಊರೆಲ್ಲ ನೋಡಿತು. ಇನ್ನೊಂದು ಎಂಟು ವರ್ಷದವಳಿದ್ದಾಗಿನದು. ಅದನ್ನು ಹೇಳಿದೆ ಎನ್ನುವುದಕ್ಕಿಂತ, ಹೇಳಬೇಕಾದದ್ದನ್ನು ಹೇಳದೆ ಉಳಿದೆ ಎನ್ನುವುದೇ ಸರಿ. ಮೊದಲನೆಯದು ಒಂದು ಕಥೆಯನ್ನು ಕುರಿತದ್ದು. ಎರಡನೆಯದು ನನ್ನ ದೊಡ್ಡವ್ವ ಯಾವ ಬಸ್ಸು ಹತ್ತಿದಳು ಎಂಬುದನ್ನು ಕುರಿತದ್ದು. ಎರಡರಿಂದಲೂ ಕೇಡಾದದ್ದು ಒಬ್ಬಳಿಗೇ — ದೊಡ್ಡವ್ವನ ಮಗಳು ಹೊನ್ನಕ್ಕನಿಗೆ. ಇವೆರಡು ಬೇರೆ ಬೇರೆ ಸುಳ್ಳೋ, ಒಂದೇ ಸುಳ್ಳಿನ ಬೇರು ಮತ್ತು ಚಿಗುರೋ, ನನಗೆ ಇನ್ನೂ ಬಗೆಹರಿದಿಲ್ಲ. ಬಗೆಹರಿಸಿಕೊಂಡು ಬರೆಯೋಣವೆಂದು ಕಾದೆ. ಕಾದರೆ ಬರೆಯುವುದೇ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯುತ್ತಿದ್ದೇನೆ.

ನಾನು ಕೊಟ್ಟೂರಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹೆಂಗಸಾದರೂ ಮಕ್ಕಳು ‘ಸಾವಿತ್ರಿ ಮೇಷ್ಟ್ರು’ ಎಂದೇ ಕರೆಯುತ್ತವೆ, ನನಗೂ ಅದೇ ಇಷ್ಟ. ಪತ್ರಿಕೆಗಳಿಗೆ ಆಗಾಗ ವಿಜ್ಞಾನದ ಕಥೆ ಬರೆಯುತ್ತಿದ್ದೆ. ಅವನ್ನು ಓದಿದ ಒಬ್ಬ ನಿರ್ದೇಶಕರು ಫೋನು ಮಾಡಿ, ‘ಮೇಡಂ, ಕನ್ನಡದಲ್ಲಿ ಒಂದು ಆಕಾಶನೌಕೆಯ ಧಾರಾವಾಹಿ ಮಾಡೋಣ’ ಎಂದಾಗ ಯಾರೋ ಆಟ ಆಡಿಸುತ್ತಿದ್ದಾರೆ ಎಂದುಕೊಂಡು ಫೋನು ಇಟ್ಟುಬಿಟ್ಟಿದ್ದೆ. ಅವರು ಮತ್ತೆ ಮಾಡಿದರು. ಹಾಗೆ ಶುರುವಾದದ್ದು ‘ಮೇಲಿನೂರು’.

ನೋಡದವರಿಗಾಗಿ ಹೇಳುತ್ತೇನೆ. ಒಬ್ಬ ತಾಯಿ, ಆಕಾಶನೌಕೆಯ ಎಂಜಿನಿಯರು. ಮಗಳನ್ನು ನೌಕೆಯಲ್ಲಿ ಬಿಟ್ಟು, ಒಂದು ರಿಪೇರಿ ಕೆಲಸಕ್ಕೆಂದು ಸಣ್ಣ ವಾಹನದಲ್ಲಿ ಹೊರಡುತ್ತಾಳೆ. ದಾರಿಯಲ್ಲಿ ಮೇಲಿನೂರು ಎಂಬ ನೆಲೆ ಸಿಗುತ್ತದೆ. ಅದು ಬಹಳ ಭಾರವಾದ ನಕ್ಷತ್ರವೊಂದರ ಮಗ್ಗುಲಲ್ಲಿದೆ. ಭಾರವಾದ ವಸ್ತುವಿನ ಹತ್ತಿರ ಕಾಲ ನಿಧಾನ ನಡೆಯುತ್ತದೆ, ಇದು ವಿಜ್ಞಾನವೇ. ಮೇಲಿನೂರಿನವರು ಬಂದವಳನ್ನು ಊಟಕ್ಕೆ ಕೂರಿಸುತ್ತಾರೆ. ಅವಳು ಒಂದು ಊಟ ಮುಗಿಸುವಷ್ಟರಲ್ಲಿ ನೌಕೆಯಲ್ಲಿ ಮಗಳು ಮುದುಕಿಯಾಗಿರುತ್ತಾಳೆ. ತಾಯಿಗೆ ಮಾತ್ರ ಅದೇ ವಯಸ್ಸು. ಹಿಂದಿರುಗುವಾಗ ರೇಡಿಯೋದಲ್ಲಿ ಯಾವುದೋ ಮುದುಕಿಯ ದನಿ ಕೇಳುತ್ತದೆ, ತನ್ನ ಮಗಳೆಂದು ಅವಳು ನಂಬುವುದಿಲ್ಲ. ಕೊನೆಗೆ ತಾಯಿ ಹಳೆಯ ಕಥೆಯೊಂದನ್ನು ಹೇಳಲು ಶುರುಮಾಡುತ್ತಾಳೆ. ಆ ಕಡೆಯಿಂದ ‘ಹೂಂ’ ಎಂದು ಬರುತ್ತದೆ. ಆ ಹೂಂ ಕೇಳಿ ಮಗಳನ್ನು ಗುರುತಿಸುತ್ತಾಳೆ.

ಆ ದೃಶ್ಯ ಎಲ್ಲರ ಫೋನಿನಲ್ಲೂ ಓಡಾಡಿತು. ಹಡಗಲಿಯಿಂದ, ಹರಪನಹಳ್ಳಿಯಿಂದ ಗುರುತಿಲ್ಲದ ಹೆಂಗಸರು ಫೋನು ಮಾಡಿ ಅತ್ತರು. ನಾನೂ ಅತ್ತೆ, ಹೆಮ್ಮೆಯಿಂದ. ಮೇಷ್ಟ್ರಾಗಿದ್ದವಳು ಒಂದೇ ವಾರದಲ್ಲಿ ದೊಡ್ಡ ಮನುಷ್ಯಳಾದೆ. ತಲೆ ತಿರುಗುವುದಕ್ಕೆ ಬೆಟ್ಟವನ್ನೇನೂ ಹತ್ತಬೇಕಾಗಿಲ್ಲ, ಒಂದು ಮೆಟ್ಟಿಲು ಸಾಕು.

ಚಾನೆಲ್ಲಿನವರು ಸಂದರ್ಶನಕ್ಕೆ ಕರೆದರು. ಕೇಳುತ್ತಿದ್ದ ಹುಡುಗಿ ಓದಿಕೊಂಡು ಬಂದವಳು. ‘ನಿಮ್ಮ ಧಾರಾವಾಹಿಯ ಮೇಲೆ ಪುರಾಣಗಳ, ಸಾಹಿತ್ಯದ ಪ್ರಭಾವ ಎಷ್ಟು ಮೇಡಂ?’ ಎಂದಳು. ಇಂಥ ಪ್ರಶ್ನೆಗೆ ಕಾದಿದ್ದವಳಂತೆ ನಾನು ಬಿಚ್ಚಿಕೊಂಡೆ. ರೇವತಿಯ ಕಥೆ ಹೇಳಿದೆ: ಮಗಳಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ, ಅಲ್ಲಿ ಒಂದು ಹಾಡು ಮುಗಿಯಲೆಂದು ನಿಂತು ಕೆಳಗೆ ಬರುವಷ್ಟರಲ್ಲಿ ಯುಗಗಳೇ ಕಳೆದಿದ್ದವು. ಮೇಲೂ ಅಲ್ಲ ಕೆಳಗೂ ಅಲ್ಲ ಎಂದು ತೂಗಾಡುವ ನೆಲೆಗೆ ತ್ರಿಶಂಕು ಮಾದರಿ ಎಂದೆ. ನೌಕೆಯ ಮಾತಾಡುವ ಯಂತ್ರವಿದೆಯಲ್ಲ, ಒಳಗೆ ಬಂದವರನ್ನೆಲ್ಲ ‘ಬಂದಂಥವರು ಧಾರು, ತಮ್ಮ ಸ್ಥಳ ಧಾವುದು’ ಎಂದು ಕೇಳುವುದು, ಅದು ನಮ್ಮ ಕಡೆಯ ಬಯಲಾಟದಲ್ಲಿ ರಂಗಕ್ಕೆ ಬಂದ ವೇಷವನ್ನು ಮಾತಾಡಿಸುವ ಸಾರಥಿ ಎಂದೆ. ಹುಡುಗಿ ಚಪ್ಪಾಳೆ ತಟ್ಟಿದಳು. ಕಾಲೇಜಿನ ಲೈಬ್ರರಿಯಲ್ಲಿ ಓದಿದ ವಿದೇಶಿ ಕಾದಂಬರಿಗಳ ವಿಷಯವನ್ನೂ, ವೇಗವಾಗಿ ಹೋಗುವ ನೌಕೆಯೊಳಗೆ ವಯಸ್ಸೇ ಆಗದ ಜನರ ವಿಷಯವನ್ನೂ ಹೇಳಿದೆ. ಇದಿಷ್ಟೂ ನಿಜ. ನಿಜವನ್ನು ಇಷ್ಟು ಚೆನ್ನಾಗಿ ಹೇಳಿದ ಮೇಲೆ ಸುಳ್ಳು ಹೇಳುವುದು ಸುಲಭ.

‘ಆ ಹೂಂ?’ ಎಂದಳು ಹುಡುಗಿ. ‘ಅದು ಎಲ್ಲಿಂದ ಬಂತು?’

‘ಅದು ಪೂರ್ತಿ ನನ್ನ ಕಲ್ಪನೆ,’ ಎಂದೆ. ‘ಅದಕ್ಕೆ ಯಾರ ಋಣವೂ ಇಲ್ಲ.’

ಹೇಳುವಾಗ ನನ್ನ ದನಿ ನಡುಗಲಿಲ್ಲ. ಕುಡ್ಲಿಗಿಯಲ್ಲಿ ಹೊನ್ನಕ್ಕ ಟಿವಿಯ ಮುಂದೆ ಕೂತು ನೋಡುತ್ತಿರುತ್ತಾಳೆ ಎಂದು ಗೊತ್ತಿದ್ದೂ ನಡುಗಲಿಲ್ಲ.

ಗುಡೇಕೋಟೆಯಲ್ಲಿ ನಮ್ಮದು ಕೂಡಿದ ಮನೆ. ಅಜ್ಜಿ, ದೊಡ್ಡಪ್ಪ, ದೊಡ್ಡವ್ವ, ನಮ್ಮಪ್ಪ, ನಮ್ಮವ್ವ, ಮಕ್ಕಳು ನಾವಿಬ್ಬರು. ಹೊನ್ನಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಬಿತ್ತನೆಗೆ ಮುಂಚೆ ಬೀಜದ ಶೇಂಗಾ ಸುಲಿಯಬೇಕು. ಯಂತ್ರಕ್ಕೆ ಹಾಕಿದರೆ ಕಾಳು ಒಡೆದು ಮೊಳಕೆ ಬರುವುದಿಲ್ಲ, ಬೀಜಕ್ಕೆ ಕೈಯೇ ಆಗಬೇಕು. ಪಡಸಾಲೆಯಲ್ಲಿ ಕಾಯಿಯ ರಾಶಿ ಹಾಕಿ ಅಜ್ಜಿ ನಮ್ಮನ್ನು ಸುತ್ತ ಕೂರಿಸುತ್ತಿದ್ದಳು. ಮಕ್ಕಳು ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚಾಗುತ್ತದೆ, ಎಲ್ಲ ಮನೆಯಲ್ಲೂ ಇದೇ ಗೋಳು. ಅದಕ್ಕೆ ಅಜ್ಜಿ ಒಂದು ಉಪಾಯ ಮಾಡಿದ್ದಳು. ತಾನು ಕಥೆ ಹೇಳುತ್ತಿದ್ದಳು, ನಾವು ಮಾತು ಮಾತಿಗೂ ಹೂಂ ಎನ್ನಬೇಕು. ಬಾಯಲ್ಲಿ ಕಾಳಿದ್ದರೆ ಹೂಂ ಸರಿಯಾಗಿ ಬರುವುದಿಲ್ಲ. ಯಾರ ಹೂಂ ತಪ್ಪಿತೋ ಅವರ ತಲೆಗೆ ಒಂದು ಮೊಟಕು.

‘ಹೂಂ ಅನ್ನೋ ಬಾಯಿ ತಿನ್ನಂಗಿಲ್ಲ, ತಿನ್ನೋ ಬಾಯಿ ಹೂಂ ಅನ್ನಂಗಿಲ್ಲ,’ ಎನ್ನುತ್ತಿದ್ದಳು ಅಜ್ಜಿ. ‘ಎರಡೂ ಮಾಡೋದು ದನ.’

ಆ ಲೆಕ್ಕದಲ್ಲಿ ನಾನು ದನ. ನುಂಗಿ ಹೂಂ ಎನ್ನುವ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದೆ. ಹೊನ್ನಕ್ಕ ಹಾಗಲ್ಲ. ಅವಳು ಸುಲಿಯುವಾಗ ಒಂದು ಕಾಳು ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ. ಅವಳ ಹೂಂ ಕಿರುಬೆರಳಷ್ಟು ಸಣ್ಣದು, ಕೊನೆಗೆ ತುಸು ಮೇಲಕ್ಕೆ ಹೋಗುತ್ತಿತ್ತು, ಮುಂದೇನು ಎಂದು ಕೇಳುವ ಹಾಗೆ. ದೊಡ್ಡವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: ‘ನನ್ನ ಮಗಳ ಹೂಂ ನೂರು ಮಂದ್ಯಾಗ ಇದ್ರೂ ಗೊತ್ತಾಗತೈತಿ.’

ರೇವತಿಯ ಕಥೆಯನ್ನು ನಾನು ಮೊದಲು ಕೇಳಿದ್ದು ಆ ರಾಶಿಯ ಮುಂದೆಯೇ. ಅಜ್ಜಿಗೆ ರೇವತಿಯ ಹೆಸರೂ ಗೊತ್ತಿರಲಿಲ್ಲ. ‘ಒಬ್ಬ ರಾಜಗ ಒಬ್ಬಾಕಿ ಮಗಳು’ ಎಂದಷ್ಟೇ ಹೇಳುತ್ತಿದ್ದಳು. ‘ಮ್ಯಾಲ ಹೋಗಿ ಒಂದ್ ಗಳಿಗಿ ನಿಂತು ಬಂದ್ರು. ಕೆಳಗ ಬಂದು ನೋಡ್ತಾರ — ಅವರ ಊರಿಲ್ಲ, ಅವರ ಮಂದಿ ಇಲ್ಲ, ಅವರ ಮಾತು ಯಾರಿಗೂ ತಿಳಿವಲ್ದು.’

ನನಗೆ ಎಂಟಾಗಿದ್ದಾಗ ಒಂದು ಮಧ್ಯಾಹ್ನ ದೊಡ್ಡವ್ವ ಮನೆಯಿಂದ ಹೊರಟಳು. ನೀಲಗುಂದ ಅವಳ ತವರು. ತಮ್ಮನ ಮಗುವಿಗೆ ಹೆಸರಿಡುವುದಿದೆ, ನಾಳೆ ಬರುತ್ತೇನೆ ಎಂದು ಅಜ್ಜಿಗೆ ಹೇಳಿದಳು. ಹೊನ್ನಕ್ಕನಿಗೆ ಜ್ವರ, ಮಲಗಿದ್ದಳು. ಚೀಲ ಹಿಡಿಯಲು ನನ್ನನ್ನು ಕರೆದುಕೊಂಡಳು.

ನೀಲಗುಂದಕ್ಕೆ ಹೋಗುವವರು ನಮ್ಮೂರಿನಿಂದ ಪಡುವಲಕ್ಕೆ ಹೋಗಬೇಕು — ಕುಡ್ಲಿಗಿ, ಕೊಟ್ಟೂರು, ಹರಪನಹಳ್ಳಿ. ಆ ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ನಾವು ನಿಂತೆವು. ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾವನ್ನು ನನ್ನ ಬೊಗಸೆಗೆ ಹಾಕಿದಳು. ಕುಡ್ಲಿಗಿಯ ಬಸ್ಸು ಬಂತು. ಅವಳು ಹತ್ತಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ತಿನ್ನುತ್ತಿದ್ದೆ. ಆಮೇಲೆ ಅವಳು ರಸ್ತೆ ದಾಟಿದಳು. ನಾನೂ ಚೀಲ ಹಿಡಿದು ಹಿಂದೆ ಹೋದೆ. ಆ ಕಡೆಯಿಂದ ರಾಯದುರ್ಗದ ಬಸ್ಸು ಬಂತು, ಮೂಡಲಕ್ಕೆ ಹೋಗುವುದು. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡು, ಬಗ್ಗಿ, ನನ್ನ ಮುಖದ ಹತ್ತಿರ ಮುಖ ತಂದಳು.

‘ಹೊನ್ನಿ ಕೇಳಿದ್ರ ತವರಿಗೆ ಹೋಗ್ಯಾಳ ಅಂತ ಹೇಳು. ಏನು?’

ನನ್ನ ಬಾಯಿ ತುಂಬ ಶೇಂಗಾ. ನುಂಗಿದೆ. ‘ಹೂಂ,’ ಎಂದೆ.

ಅವಳು ಹತ್ತಿದಳು. ತಿರುಗಿ ನೋಡಿದಳೋ ಇಲ್ಲವೋ — ಒಂದೊಂದು ದಿನ ನೋಡಿದಳು ಎನಿಸುತ್ತದೆ, ಒಂದೊಂದು ದಿನ ಇಲ್ಲ. ಯಾಕೆ ಹೋದಳೆಂಬುದು ನನಗೆ ಈ ಹೊತ್ತಿಗೂ ಗೊತ್ತಿಲ್ಲ. ದೊಡ್ಡಪ್ಪ ಕೈ ಎತ್ತುವವನಲ್ಲ. ಅಜ್ಜಿಯ ನಾಲಿಗೆ ಚುರುಕು, ಆದರೆ ಯಾವ ಮನೆಯ ಅತ್ತೆಯ ನಾಲಿಗೆ ಚುರುಕಿರುವುದಿಲ್ಲ? ದೊಡ್ಡವ್ವ ರಾತ್ರಿ ಅಳುತ್ತಿದ್ದಳೇ, ಯಾರನ್ನಾದರೂ ಬಯಸಿದ್ದಳೇ, ಸುಮ್ಮನೆ ಸಾಕಾಗಿತ್ತೇ? ಎಂಟು ವರ್ಷದ ಹುಡುಗಿ ಶೇಂಗಾ ನೋಡುತ್ತಾಳೆ, ದೊಡ್ಡವ್ವನ ಮುಖ ನೋಡುವುದಿಲ್ಲ.

ಹೇಳಿದ ದಿನಕ್ಕೆ ಅವಳು ಬರಲಿಲ್ಲ. ದೊಡ್ಡಪ್ಪ ನೀಲಗುಂದಕ್ಕೆ ಹೋಗಿ ಬಂದ. ಅಲ್ಲಿ ಹೆಸರಿಡುವುದೂ ಇರಲಿಲ್ಲ, ಅವಳೂ ಇರಲಿಲ್ಲ. ಆಮೇಲೆ ಹುಡುಕಾಟ. ಹರಪನಹಳ್ಳಿಯಲ್ಲಿ ಕೇಳಿದರು, ಕೊಟ್ಟೂರಿನಲ್ಲಿ ಕೇಳಿದರು, ಉಜ್ಜಿನಿಯ ಮರುಳಸಿದ್ದನ ಗುಡಿಯಲ್ಲಿ ಬಂದುಹೋಗುವವರನ್ನೆಲ್ಲ ಕೇಳಿದರು, ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಕೇಳಿದರು. ಎಲ್ಲವೂ ಪಡುವಲ. ಮೂಡಲಕ್ಕೆ ಒಬ್ಬರೂ ಹೋಗಲಿಲ್ಲ. ‘ಬಸ್ ಹತ್ತಿಸಿ ಬಂದಿಯಲ್ಲ, ಕುಡ್ಲಿಗಿ ಬಸ್ಸಾ?’ ಎಂದು ನಮ್ಮಪ್ಪ ನನ್ನನ್ನು ಕೇಳಿದ. ನಾನು ಹೂಂ ಎಂದೆ. ಎರಡನೆಯ ಹೂಂ. ದೊಡ್ಡವ್ವನಿಗೆ ಮಾತು ಕೊಟ್ಟಿದ್ದೆ ಎಂದೋ, ಅಪ್ಪನ ಮುಖ ನೋಡಿ ಹೆದರಿಯೋ — ಎರಡನ್ನೂ ಹೇಳಿಕೊಂಡು ನೋಡಿದ್ದೇನೆ, ಎರಡೂ ಪೂರ್ತಿ ಹೊಂದುವುದಿಲ್ಲ. ಒಂದು ವಾರ ಕಳೆದ ಮೇಲೆ ಹೇಳಬಹುದಿತ್ತು. ಆಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ. ತಿಂಗಳಾಯಿತು, ವರ್ಷವಾಯಿತು. ಹೇಳದ ಮಾತು ಹಳೆಯದಾದಷ್ಟೂ ಬಾಯಿ ಬಿಗಿಯುತ್ತದೆ. ಆಮೇಲೆ ಅಜ್ಜಿ ಆ ಮನೆಯಲ್ಲಿ ಅವಳ ಹೆಸರು ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದಳು. ಎಲ್ಲರಿಗಿಂತ ಹೆಚ್ಚು ಹಾಯೆನಿಸಿದ್ದು ನನಗೆ.

ಮುಂದಿನ ಸಲದ ಬಿತ್ತನೆಯ ಕಾಲಕ್ಕೆ ಶೇಂಗಾ ರಾಶಿಯ ಮುಂದೆ ನಾನೂ ಹೊನ್ನಕ್ಕನೂ ಇಬ್ಬರೇ. ಅಜ್ಜಿ ಕಥೆ ಬಿಟ್ಟಿದ್ದಳು. ಆಗ ನಮ್ಮಿಬ್ಬರ ನಡುವೆ ಒಂದು ಕಥೆ ಹುಟ್ಟಿತು. ಹೊನ್ನಿಯ ಅವ್ವ ಹತ್ತಿದ ಬಸ್ಸು ನೆಲ ಬಿಟ್ಟು ಮೇಲಿನೂರಿಗೆ ಹೋಯಿತು. ಅಲ್ಲಿಯವರು ತಾಟು ಇಟ್ಟರು. ಊಟಕ್ಕೆ ಕೂತವರು ಅರ್ಧಕ್ಕೆ ಏಳಬಾರದು, ಅನ್ನಕ್ಕೆ ಅವಮಾನ. ಹಾಗಾಗಿ ಅವ್ವ ಉಣ್ಣುತ್ತಿದ್ದಾಳೆ. ಅಲ್ಲಿ ಒಂದು ತುತ್ತು ಅಂದರೆ ಇಲ್ಲಿ ಒಂದು ವರ್ಷ. ಪಾಪ, ಅವಳಿಗೆ ಅದು ಗೊತ್ತಿಲ್ಲ. ಕೈ ತೊಳೆದುಕೊಂಡು ಬರುತ್ತಾಳೆ. ಬಂದಾಗ ಹೊನ್ನಿ ಮುದುಕಿಯಾಗಿದ್ದರೂ ಹೂಂ ಎಂದರೆ ಗುರುತು ಹಿಡಿಯುತ್ತಾಳೆ.

ಆ ಒಂದು ಮಾತು — ಅವಳಿಗೆ ಗೊತ್ತಿಲ್ಲ — ಅದರ ಮೇಲೆ ಹೊನ್ನಕ್ಕ ನಿಂತಳು. ಅದು ಕಥೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಶಾಲೆ ಓದಿದಳು, ಅಂಗನವಾಡಿಯಲ್ಲಿ ಕೆಲಸ ಹಿಡಿದಳು, ಕುಡ್ಲಿಗಿಯ ಲೈನ್‌ಮನ್ ಒಬ್ಬನನ್ನು ಮದುವೆಯಾದಳು. ಈಗ ಅವಳ ವಯಸ್ಸು ಅವಳ ಅವ್ವ ಹೋದಾಗಿನ ವಯಸ್ಸನ್ನು ದಾಟಿ ಬಹಳ ಕಾಲವಾಗಿದೆ. ‘ನಿಮ್ಮವ್ವ ಬಿಟ್ಟು ಹೋದ್ಲಂತಲ್ಲ’ ಎಂದು ಯಾರಾದರೂ ಚುಚ್ಚಿದರೆ, ‘ಎಲ್ಲಿ ಏನಾಗ್ಯಾಳೋ, ಬೇಕಂತ ಹೋದಾಕಿ ಅಲ್ಲ ನಮ್ಮವ್ವ’ ಎಂದು ತಣ್ಣಗೆ ಹೇಳುತ್ತಾಳೆ. ಆ ತಣ್ಣನೆಯ ದನಿಗೆ ಆಧಾರ ಆ ಕಥೆಯೊಂದೇ.

ಧಾರಾವಾಹಿ ಬರತೊಡಗಿದಾಗ ಹೊನ್ನಕ್ಕನಿಗೆ ಆದ ಸಂತೋಷ ನನಗೂ ಆಗಿರಲಿಲ್ಲ. ಪ್ರತಿ ಕಂತು ಮುಗಿದ ಕೂಡಲೇ ಫೋನು. ‘ಸಾವಿ, ನಮ್ ಬಸ್ಸಿಗೆ ರೆಕ್ಕಿ ಹಚ್ಚಿಬಿಟ್ಟಿಯಲ್ಲ ಬೇ!’ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ನೋಡುತ್ತಿದ್ದಳು. ಕಥೆ ಕದ್ದೆ ಎಂದು ಒಂದು ಮಾತೂ ಇಲ್ಲ. ಸಂದರ್ಶನದಲ್ಲಿ ಯಾರ ಋಣವೂ ಇಲ್ಲ ಎಂದು ನಾನು ಹೇಳಿದ ದಿನವೂ ಫೋನು ಮಾಡಿದಳು. ‘ಸೀರಿ ಚೊಲೊ ಇತ್ತು,’ ಎಂದಳು.

ಎರಡನೆಯ ಭಾಗಕ್ಕೆ ಚಾನೆಲ್ಲಿನವರು ಒಂದು ತಿರುವು ಬೇಕೆಂದರು. ನೋಡುಗರು ಕಡಿಮೆಯಾಗುತ್ತಿದ್ದಾರೆ, ತಾಯಿಯ ಪಾತ್ರ ಸಪ್ಪಗಾಯಿತು, ಅವಳಿಗೆ ಒಂದು ಗುಟ್ಟು ಕೊಡಿ ಎಂದರು. ಅವರು ಕೇಳಿದ್ದು ಅಷ್ಟೇ. ಗುಟ್ಟು ಯಾವುದೆಂದು ಅವರು ಹೇಳಲಿಲ್ಲ. ಬೇಕಾದಷ್ಟು ಇದ್ದವು, ನೌಕೆಯ ಕೀಲಿ ಕದ್ದವಳು ಎನ್ನಬಹುದಿತ್ತು, ಶತ್ರುವಿನ ಮಗಳು ಎನ್ನಬಹುದಿತ್ತು. ನಾನು ಒಂದು ಭಾನುವಾರ ಕೂತು ಒಂದೇ ಉಸಿರಿನಲ್ಲಿ ಬರೆದೆ: ಮೇಲಿನೂರಿನ ಹಿರಿಯಳು ಬಡಿಸುವ ಮುಂಚೆ ತಾಯಿಗೆ ಹೇಳುತ್ತಾಳೆ, ‘ಇಲ್ಲಿ ಒಂದು ತುತ್ತು ಉಂಡರೆ ಅಲ್ಲಿ ಒಂದು ವರ್ಷ ಕಳೆಯುತ್ತದೆ. ಯೋಚನೆ ಮಾಡು.’ ತಾಯಿ ಬಾಗಿಲ ಕಡೆ ನೋಡುತ್ತಾಳೆ. ಆಮೇಲೆ ತಾಟಿನ ಮುಂದೆ ಕೂರುತ್ತಾಳೆ.

‘ಬಡಿಸಿ,’ ಎನ್ನುತ್ತಾಳೆ.

ಬರೆದು ಮುಗಿಸಿದೆ. ತಲೆಭಾರವೆಲ್ಲ ಇಳಿದ ಹಾಗೆ ಹಗುರವಾಗಿತ್ತು, ಅದನ್ನು ಮುಚ್ಚಿಡಲಾರೆ. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡದ್ದನ್ನು ಉಗುಳಿದ್ದೆ — ಆದರೆ ಎಲ್ಲಿ, ಯಾರ ಮೇಲೆ, ಅದನ್ನು ನೋಡಲಿಲ್ಲ.

ಆ ಕಂತನ್ನು ಜನ ಹೊತ್ತು ಮೆರೆಸಿದರು. ಕೊನೆಗೂ ತನಗಾಗಿ ಬದುಕಿದ ಹೆಣ್ಣು ಎಂದರು. ನನ್ನ ಶಾಲೆಯ ಟೀಚರುಗಳು ತಬ್ಬಿಕೊಂಡರು. ಅವರು ಹೇಳಿದ್ದು ಸುಳ್ಳೂ ಅಲ್ಲವೇನೋ. ದೊಡ್ಡವ್ವನೂ ಒಬ್ಬ ಹೆಂಗಸು, ಅವಳಿಗೂ ಹಸಿವಿತ್ತೇನೋ. ಅದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಹೋಗುತ್ತದೆ, ಜ್ವರದಲ್ಲಿ ಮಲಗಿದ್ದ ಹುಡುಗಿಯ ನೆನಪಾಗಿ ಹಿಂದಕ್ಕೆ ಬರುತ್ತದೆ.

ಹೊನ್ನಕ್ಕನ ಫೋನು ಬರಲಿಲ್ಲ. ಮರುದಿನವೂ ಇಲ್ಲ, ಆಮೇಲೂ ಇಲ್ಲ. ನಾನು ಮಾಡಿದರೆ ಅವಳ ಗಂಡ ಎತ್ತಿ, ‘ಕೆಲಸದಾಗ ಅದಾಳ್ರಿ’ ಎನ್ನುತ್ತಿದ್ದ. ಒಂದು ದಿನ ತಡೆಯಲಾರದೆ ಅವನೇ ಹೇಳಿದ: ‘ಟಿವಿ ಕಪಾಟಿನ ಮ್ಯಾಲ ಎತ್ತಿಟ್ಟಾಳ್ರಿ. ಓಣಿ ಮಂದಿ ಬಂದ್ರ ಕೆಟ್ಟೈತಿ ಅಂತಾಳ. ನೀವೊಮ್ಮಿ ಬಂದು ಹೋಗ್ರಿ.’

ಕಳೆದ ಭಾನುವಾರ ಕುಡ್ಲಿಗಿಗೆ ಹೋದೆ. ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡಿದ್ದೆ. ಕಥೆ ನಿನ್ನದು, ನಾನು ನಿನ್ನ ಹೆಸರು ಹೇಳಬೇಕಿತ್ತು, ತಪ್ಪಾಯಿತು ಎಂದು ಚಿಕ್ಕ ಸುಳ್ಳನ್ನು ಒಪ್ಪಿಕೊಂಡು ಬರುವುದು. ದೊಡ್ಡದರ ಸುದ್ದಿ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹೊನ್ನಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಗಂಡನ ಪಾಲಿಗೆ ಬಂದ ತುಂಡು ಹೊಲವಿದೆ, ಅದಕ್ಕೆ ಬೀಜ. ನನ್ನನ್ನು ನೋಡಿ ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ.

‘ಬಾ, ಕುಂದ್ರು. ಸುಮ್ನ ಕುಂದ್ರಬ್ಯಾಡ, ಸುಲಿ.’

ಕೂತೆ. ಇಬ್ಬರ ನಡುವೆ ಮೊರ. ಕೈಗೆ ಕೆಲಸ ಸಿಕ್ಕಿದ್ದರಿಂದ ಧೈರ್ಯ ಬಂದು, ಜೋಡಿಸಿಕೊಂಡ ಮಾತನ್ನೆಲ್ಲ ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿ, ಕಾಯಿ ಒಡೆಯುತ್ತಲೇ ನಕ್ಕಳು.

‘ಏ ಹುಚ್ಚಿ. ಕಥಿ ನಂದೆಲ್ಲಿ ಐತಿ? ನೀ ಹೇಳತಿದ್ದಿ, ನಾ ಹೂಂ ಅಂತಿದ್ದೆ. ನಮ್ಮವ್ವ ಹೋದ ಮ್ಯಾಲ ನಾ ಮಾತಾಡಿದ್ದು ಯಾರು ಕೇಳ್ಯಾರ? ವರ್ಷಗಟ್ಲೆ ಬಾಯಿ ಬಿಟ್ಟಿಲ್ಲ ನಾನು.’

ನನ್ನ ಕೈ ನಿಂತಿತು. ನನ್ನ ನೆನಪಿನಲ್ಲಿ ಕಥೆ ಹೇಳುವ ದನಿ ಹೊನ್ನಕ್ಕನದು. ನಾನು ಹೂಂ ಎನ್ನುವವಳು. ಇಷ್ಟು ವರ್ಷ ಹಾಗೆಂದೇ ನಂಬಿ, ಕದ್ದೆನಲ್ಲ ಎಂದು ಒಳಗೊಳಗೆ ಬೆಂದಿದ್ದೇನೆ. ಅವಳು ಕ್ಷಮಿಸಲು ಹೀಗೆ ಹೇಳುತ್ತಿದ್ದಾಳೋ, ನಿಜವಾಗಿ ಹಾಗೆಯೇ ನಡೆಯಿತೋ? ಆಗ ಅವಳು ಮಾತು ಬಿಟ್ಟಿದ್ದಳು, ಅದು ಖಂಡಿತ, ಅವಳನ್ನು ಮಾತಾಡಿಸಲು ದೊಡ್ಡಪ್ಪ ಹರಕೆ ಹೊತ್ತದ್ದೂ ನೆನಪಿದೆ. ಹಾಗಾದರೆ ಕಥೆ ಹೇಳಿದ್ದು ನಾನೇ? ನನ್ನದೇ ಕಥೆಯನ್ನು ನನ್ನದು ಎಂದದ್ದು ಸುಳ್ಳೇ ಅಲ್ಲ ಎಂದಾಯಿತೇ? ಒಂದು ಕ್ಷಣ ಬಿಡುಗಡೆ ಸಿಕ್ಕಂತಾಯಿತು, ನಾಚಿಕೆಗೇಡಿ ನಾನು.

‘ಒಂದು ಕೇಳ್ತೀನಿ,’ ಎಂದಳು ಹೊನ್ನಕ್ಕ. ‘ಆಕಿ ಬಾಯಾಗ ಬಡಿಸ್ರಿ ಅಂತ ಯಾಕ ಅನ್ನಿಸಿದಿ?’

‘ಚಾನೆಲ್ಲಿನವರು ತಿರುವು ಬೇಕು ಅಂದ್ರು ಅಕ್ಕ.’

‘ಚಾನೆಲ್ಲಿನೋರು ನಮ್ಮವ್ವನ್ನ ನೋಡ್ಯಾರೇನು?’

ಅವಳು ಸುಲಿದ ಕಾಳನ್ನು ಮೊರದ ಒಂದು ಮೂಲೆಗೆ ಸರಿಸಿದಳು.

‘ಇನ್ನೊಂದು. ಸಣ್ಣಾಕಿ ಇದ್ದಾಗ ನೀ ಕಥಿ ಹೇಳೋವಾಗ ಬಸ್ಸು ಮೂಡಲಕ್ಕ ಹೋತು ಅಂತಿದ್ದಿ. ದಿನಾ ಹಂಗ ಅಂತಿದ್ದಿ. ನಾ ಅದನ್ನ ಕೇಳಿ ಎಷ್ಟೋ ದಿನ ರಾಯದುರ್ಗದ ದಾರಿ ನೋಡ್ಕೋತ ಕುಂತೀನಿ. ಎಲ್ಲಾರೂ ಹುಡುಕಿದ್ದು ಪಡುವಲಕ್ಕ. ನೀನೊಬ್ಬಾಕಿ ಮೂಡಲಕ್ಕ ಅಂದಿ. ಯಾಕ ಸಾವಿ?’

ಅಲ್ಲಿಗೆ ನನ್ನ ಬಿಡುಗಡೆ ಮುಗಿಯಿತು. ಆ ಕಥೆಯಲ್ಲಿ ಮೂಡಲ ಇದ್ದದ್ದು ನನಗೂ ನೆನಪಾಯಿತು. ದೊಡ್ಡವ್ವ ರಸ್ತೆ ದಾಟಿದ್ದನ್ನು ನೋಡಿದವಳು ನಾನೊಬ್ಬಳೇ. ಮೂಡಲವನ್ನು ಹೊನ್ನಕ್ಕ ತರಲಾರಳು, ಹಾಗಾದರೆ ಕಥೆ ನನ್ನದೇ ಇರಬೇಕು. ಅಥವಾ ಮೇಲಿನ ಲೋಕಕ್ಕೆ ದಾರಿ ಮೂಡಲಿನಿಂದ ಎಂದು ಅಜ್ಜಿಯೇ ತನ್ನ ರಾಜನ ಕಥೆಯಲ್ಲಿ ಹೇಳಿದ್ದಳೇನೋ, ಅದು ಇದರೊಳಗೆ ಸೇರಿತೇನೋ. ಸಂದರ್ಶನದಲ್ಲಿ ರೇವತಿ, ತ್ರಿಶಂಕು, ಬಯಲಾಟ ಎಂದು ಅಷ್ಟು ಸಲೀಸಾಗಿ ಪ್ರಭಾವಗಳನ್ನು ಎಣಿಸಿದವಳಿಗೆ ಒಂದು ದಿಕ್ಕು ಎಲ್ಲಿಂದ ಬಂತೆಂದು ಹೇಳಲಾಗುತ್ತಿಲ್ಲ. ನಾನೇ ಕಥೆ ಕಟ್ಟಿದ್ದರೆ ಅವಳನ್ನು ಸಂತೈಸಲು ಕಟ್ಟಿದೆನೋ, ಯಾರೂ ನನ್ನನ್ನು ಕೇಳದಿರಲಿ ಎಂದು ಕಟ್ಟಿದೆನೋ? ಹೇಳಲಾಗದ್ದನ್ನು ಕಥೆಯೊಳಗೆ ಬಚ್ಚಿಟ್ಟು ಅವಳಿಗೆ ತೋರಿಸುತ್ತಿದ್ದೆನೋ? ಹಾಗಿದ್ದರೆ ಅವಳು ದಾರಿ ನೋಡುತ್ತ ಕೂತದ್ದು —

ಯೋಚನೆ ಎಲ್ಲಿಗೂ ಮುಟ್ಟಲಿಲ್ಲ. ಹೇಳಿದೆ.

ಬೇವಿನ ಮರ, ಬಿಟ್ಟುಬಿಟ್ಟ ಕುಡ್ಲಿಗಿಯ ಬಸ್ಸು, ದಾಟಿದ ರಸ್ತೆ, ರಾಯದುರ್ಗದ ಬಸ್ಸು. ಒಂದನ್ನೂ ಬಿಡಲಿಲ್ಲ. ಅಪ್ಪ ಕೇಳಿದಾಗ ಕುಡ್ಲಿಗಿಯ ಬಸ್ಸು ಎಂದು ಒಪ್ಪಿದ್ದನ್ನೂ ಹೇಳಿದೆ. ಅವತ್ತೇ ನಾನು ಬಾಯಿ ಬಿಟ್ಟಿದ್ದರೆ ದೊಡ್ಡಪ್ಪ ಮೂಡಲಕ್ಕೆ ಹೋಗುತ್ತಿದ್ದ, ಸಿಗುತ್ತಿದ್ದಳೋ ಏನೋ, ಸಿಕ್ಕರೆ ಬರುತ್ತಿದ್ದಳೋ ಇಲ್ಲವೋ, ನೀನು ಕೇಳುವುದನ್ನಾದರೂ ಕೇಳಬಹುದಿತ್ತು ಎಂದೆ. ಸಣ್ಣವಳಿದ್ದೆ ಎಂದು ಹೇಳಲು ಬಾಯಿಯವರೆಗೂ ಬಂತು. ಹೇಳಲಿಲ್ಲ. ಎಂಟು ವರ್ಷಕ್ಕೆ ಸಣ್ಣವಳು ಸರಿ, ನಲವತ್ತಕ್ಕೂ ಸಣ್ಣವಳೇ?

ಹೊನ್ನಕ್ಕ ಸುಲಿಯುವುದನ್ನು ನಿಲ್ಲಿಸಿರಲಿಲ್ಲ. ಓಣಿಯಲ್ಲಿ ಯಾರೋ ನೀರಿನ ಕೊಡ ಹೊತ್ತು ಹೋದರು, ಅವಳನ್ನು ಮಾತಾಡಿಸಿದರು, ಅವಳು ತಲೆ ಆಡಿಸಿದಳು. ಅವರು ದಾಟಿ ಹೋದ ಮೇಲೆ ಕೇಳಿದಳು:

‘ಬಸ್ ಹತ್ತೋವಾಗ ನಿನಗೇನಂದ್ಲು?’

‘ಹೊನ್ನಿ ಕೇಳಿದ್ರ ತವರಿಗೆ ಹೋಗ್ಯಾಳ ಅಂತ ಹೇಳು ಅಂದ್ಲು.’

‘ನನ್ನ ಹೆಸರು ತಗೊಂಡ್ಲು?’

‘ತಗೊಂಡ್ಲು.’

‘ನೀ ಏನಂದಿ?’

‘ಹೂಂ ಅಂದೆ ಅಕ್ಕ.’

ಅವಳ ಕೈ ಆಗ ನಿಂತಿತು. ನನ್ನ ಮುಖವನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ, ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡೆ. ಎದ್ದು ಹೋಗು ಎಂದಿದ್ದರೆ ಹೋಗುತ್ತಿದ್ದೆ. ಅವಳು ಮೊರದ ಕಡೆ ಬಗ್ಗಿದಳು.

ನನ್ನ ಮಾತು ಇನ್ನೂ ಮುಗಿದಿರಲಿಲ್ಲ. ಧಾರಾವಾಹಿಯಲ್ಲಿ ನಾನು ಬರೆದ ‘ಬಡಿಸಿ’ ದೊಡ್ಡವ್ವನದಲ್ಲ, ನನ್ನದು, ನಾನು ಕಂಡದ್ದು ರಸ್ತೆ ದಾಟಿದ್ದನ್ನು ಮಾತ್ರ, ಅವಳ ಒಳಗನ್ನಲ್ಲ ಎಂದು ಹೇಳಬೇಕಿತ್ತು. ಹೇಳತೊಡಗಿದೆ. ಒಂದೊಂದು ಮಾತಿಗೂ ನಿಲ್ಲಿಸಿ ಅವಳ ಹೂಂಗೆ ಕಾದೆ, ಹಳೆಯ ರೂಢಿ.

ಹೊನ್ನಕ್ಕ ಮೊರದಿಂದ ಒಂದು ಕಾಳು ತೆಗೆದುಕೊಂಡು ಬಾಯಿಗೆ ಹಾಕಿದಳು. ನನ್ನನ್ನೇ ನೋಡುತ್ತ ನಿಧಾನವಾಗಿ ಅಗಿದಳು. ನಾನು ಹೇಳುತ್ತ ಹೋದೆ. ಅವಳು ಇನ್ನೊಂದು ಕಾಳು ತೆಗೆದುಕೊಂಡಳು.